ಮೂರನೇ ಚರಣ

ಮುಂದಿನ ಸಾಲಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ ಸಭಾಂಗಣದ ಯಜಮಾನರು ಕಣ್ಣು ಮುಚ್ಚಿದ್ದೇ ತಡ, ವೇದಿಕೆಯ ಮೇಲಿದ್ದ ಹಾಡುಗಾರ್ತಿಯ ದನಿ ತಾನಾಗಿಯೇ ತಗ್ಗಿತು. ಎರಡನೇ ಚರಣದ ಕೊನೆಯ ಸಾಲು ಅದು. ಯಜಮಾನರ ಗದ್ದ ಎದೆಗೆ ತಾಗಿತು. ಅವಳ ದನಿ ಇನ್ನಷ್ಟು ಇಳಿಯಿತು. ತಂತಿ ಮೀಟಬೇಕಾದ ಬಲಗೈ ಗಿಟಾರಿನ ಹೊಟ್ಟೆಯನ್ನು ಮೆಲ್ಲಗೆ ತಟ್ಟತೊಡಗಿತು.

ಇವತ್ತಿನ ಹದಿನೈದು ನಿಮಿಷಕ್ಕಾಗಿ ಅವಳು ಪಟ್ಟ ಪಾಡು ಅಷ್ಟಿಷ್ಟಲ್ಲ. ಹಾಡು ಬರೆದವಳು ಅವಳೇ, ರಾಗ ಹಾಕಿದವಳು ಅವಳೇ, ಕಂಡಕಂಡ ಗೋಡೆಗೆ ಪೋಸ್ಟರ್ ಅಂಟಿಸಿ ಕೈಯೆಲ್ಲ ಅಂಟು ಮಾಡಿಕೊಂಡವಳೂ ಅವಳೇ. ಬೆನ್ನಿಗೆ ಕಂಪನಿಯಿಲ್ಲ, ಮ್ಯಾನೇಜರಿಲ್ಲ. ಇರುವುದು ಒಬ್ಬ ಗಂಡ, ನಾಲ್ಕು ವರ್ಷದ ಒಬ್ಬ ಮಗಳು. ಇವತ್ತಿನದು ಯಜಮಾನರಿಗೆ ಹಿಡಿಸಿದರೆ ಮುಂದಿನ ತಿಂಗಳು ಇಡೀ ಒಂದು ಸಂಜೆ ಅವಳದು. ಹಿಡಿಸದಿದ್ದರೆ ಸೋಮವಾರದಿಂದ ಅಕ್ಕನ ಆಫೀಸಿನಲ್ಲಿ ಫೋನ್ ಎತ್ತುವ ಕೆಲಸಕ್ಕೆ ಸೇರುತ್ತೇನೆಂದು ಬಾಯಿಬಿಟ್ಟು ಹೇಳಿಯೂ ಆಗಿತ್ತು. ಹೇಳಿದಾಗ ಗಂಡ "ನಿನ್ನಿಷ್ಟ" ಎಂದಿದ್ದ. ಬೇಡ ಅನ್ನುತ್ತಾನೆಂದು ಕಾದಿದ್ದವಳಿಗೆ ಅಂದು ಊಟ ಸೇರಿರಲಿಲ್ಲ.

ಅಭ್ಯಾಸ ಮಾಡಲು ಅವಳಿಗೆ ಹೊತ್ತಾದರೂ ಎಲ್ಲಿತ್ತು? ಮಧ್ಯಾಹ್ನ ಮಗಳನ್ನು ಮಲಗಿಸುವ ಹಾಡೇ ಅಭ್ಯಾಸದ ಹಾಡೂ ಆಗಿಬಿಟ್ಟಿತ್ತು. ಅದೂ ಆಯಿತು, ಇದೂ ಆಯಿತು ಎಂದು ತನ್ನ ಜಾಣತನಕ್ಕೆ ತಾನೇ ಬೀಗುತ್ತಿದ್ದಳು. ಮೊದಲನೇ ಚರಣಕ್ಕೆ ಮಗಳು ಆಕಳಿಸುತ್ತಿದ್ದಳು, ಎರಡನೆಯದು ಮುಗಿಯುವಷ್ಟರಲ್ಲಿ ರೆಪ್ಪೆ ಅಂಟಿಕೊಳ್ಳುತ್ತಿತ್ತು. ಮಲಗಿದ ಮಗುವನ್ನು ಮೂರನೇ ಚರಣ ಹಾಡಿ ಎಬ್ಬಿಸುವಷ್ಟು ತಲೆಕೆಟ್ಟ ತಾಯಿ ಎಲ್ಲಾದರೂ ಇದ್ದಾಳೆಯೇ? ಮೆಲ್ಲಗೆ ಎದ್ದು, ತುದಿಗಾಲಲ್ಲಿ ಹಿಂದೆ ಹಿಂದೆ ಸರಿದು, ಬಾಗಿಲು ಎಳೆದುಕೊಂಡು ಹೊರಗೆ ಬರುವುದು. ಹೀಗೇ ನಾಲ್ಕು ತಿಂಗಳು ನಡೆದಿತ್ತು.

ಕೈಕಾಲಿಗೇನು ಗೊತ್ತು, ಇದು ವೇದಿಕೆ, ಅದು ಮಲಗುವ ಕೋಣೆ ಅಂತ? ಯಜಮಾನರ ಬಾಯಿ ತುಸುವೇ ತೆರೆದುಕೊಂಡಿತು. ಅವಳು ಡ್ರಮ್ಮಿನವರ ಕಡೆ ತಿರುಗಿ ತುಟಿಯ ಮೇಲೆ ಬೆರಳಿಟ್ಟಳು. ದಿನವೆಲ್ಲ ಬಸ್ಸು ಓಡಿಸಿ ಸಂಜೆ ಡ್ರಮ್ಮು ಬಾರಿಸುವ ಆ ಸಾಧು ಮನುಷ್ಯ ಕೋಲುಗಳನ್ನು ಗಾಳಿಯಲ್ಲೇ ನಿಲ್ಲಿಸಿದರು. ಹಾಡುಗಾರ್ತಿ ಗಿಟಾರನ್ನು ಹೂವಿನ ಹಾಗೆ ಕೆಳಗಿಟ್ಟು ಎದ್ದಳು. ಹಲಗೆ ಕಿರ್ರೆನ್ನದಂತೆ ತುದಿಗಾಲಲ್ಲಿ ಹಿಂದೆ ಹಿಂದೆ ಸರಿದು, ಪಕ್ಕದ ಪರದೆಯ ಮರೆಗೆ ಹೋಗಿ, ಅದನ್ನು ಸದ್ದಾಗದಂತೆ ಎಳೆದುಕೊಂಡು, "ಅಬ್ಬಾ!" ಎಂದು ಉಸಿರುಬಿಟ್ಟಳು.

ಆಮೇಲೆ ಗೋಡೆಗೆ ತೂಗುಹಾಕಿದ್ದ, ಬೆಂಕಿ ಆರಿಸುವ ಕೆಂಪು ಸಿಲಿಂಡರ್ ಕಣ್ಣಿಗೆ ಬಿತ್ತು. ಅಂಥದ್ದು ತನ್ನ ಮನೆಯಲ್ಲಿ ಇಲ್ಲವಲ್ಲ!

"ಅಯ್ಯಯ್ಯೋ, ನನ್ನ ಬುದ್ಧಿಗಿಷ್ಟು!" ಪರದೆಯ ಸಂದಿಯಲ್ಲಿ ತಲೆ ತೂರಿಸಿ ಪಿಸುಗುಟ್ಟಿದಳು. "ಅಣ್ಣಾ, ನೀವ್ಯಾಕೆ ನಿಲ್ಲಿಸಿದ್ರಿ?"

"ಹಾಡು ಮುಗೀತಲ್ಲಮ್ಮಾ," ಎಂದರು ಡ್ರಮ್ಮಿನವರು.

"ಇನ್ನೊಂದು ಚರಣ ಇದೆ!"

"ನೀನು ಕಳಿಸಿದ ರೆಕಾರ್ಡಿಂಗಲ್ಲಿ ಇರ್ಲಿಲ್ವಲ್ಲ. ಅದ್ರಲ್ಲೂ ಕೊನೆಗೆ ಬಾಗಿಲು ಹಾಕಿದ ಸದ್ದೇ ಇತ್ತು. ಅದನ್ನೂ ನಾನೇ ಬಾರಿಸ್ಬೇಕೇನೋ ಅಂತ ಎರಡು ದಿನ ಪ್ರಯತ್ನ ಮಾಡಿದೆ."

ಚಪ್ಪಾಳೆ ತಟ್ಟಬೇಕೋ ಬೇಡವೋ ತಿಳಿಯದೆ ಜನ ಅಕ್ಕಪಕ್ಕದವರ ಮುಖ ನೋಡುತ್ತಿದ್ದರು. ಹೋಯಿತು, ಎಲ್ಲ ಹೋಯಿತು, ಇನ್ನು ಸೋಮವಾರದಿಂದ ಫೋನೇ ಗತಿ ಎಂದುಕೊಂಡಳು ಅವಳು. ಅಷ್ಟರಲ್ಲಿ ಹಿಂದಿನ ಸಾಲಿನಲ್ಲಿ ಅಪ್ಪನ ತೊಡೆಯ ಮೇಲೆ ಎದ್ದು ನಿಂತ ಮಗಳು ಗಂಟಲು ಹರಿಯುವಂತೆ ಕೂಗಿದಳು:

"ಅಮ್ಮಾ! ನಾನಿನ್ನೂ ಮಲಗಿಲ್ಲಾ!"

ಇಡೀ ಸಭೆ ಗೊಳ್ಳೆಂದಿತು. ಯಜಮಾನರು ಬೆಚ್ಚಿಬಿದ್ದು ಕಣ್ಣುಬಿಟ್ಟರು. ಹಾಡುಗಾರ್ತಿ ಸೀದಾ ಬಂದು ಕೂತು ಗಿಟಾರ್ ಎತ್ತಿಕೊಂಡಳು. ನಾಚಿಕೆಗೆ ಕೆನ್ನೆ ಉರಿಯುತ್ತಿತ್ತು, ನಗುವೂ ತಡೆಯಲಾಗುತ್ತಿರಲಿಲ್ಲ. ಇನ್ನು ಹೋಗುವುದೇನಿದೆ ಎಂದು ಮೂರನೇ ಚರಣ ಎತ್ತಿಕೊಂಡಳು. ಯಾರನ್ನೂ ಮಲಗಿಸಬೇಕಿಲ್ಲದ ತನ್ನ ದನಿ ಹೇಗಿರುತ್ತದೆಂದು ಅವಳಿಗೇ ಮರೆತುಹೋಗಿತ್ತು. ಅದು ಚಾವಣಿಗೆ ಬಡಿದು ವಾಪಸ್ಸು ಬಂತು. ಅವಳಿಗೆ ಖುಷಿಯಾಯಿತು. ಡ್ರಮ್ಮಿನವರು ಒಂದು ಸಾಲು ಕಾದು, ಲಯ ಹಿಡಿದು, ಕೈ ಬಿಚ್ಚಿ ಬಾರಿಸಿದರು. ಯಜಮಾನರು ಮತ್ತೆ ಕಣ್ಣು ಮುಚ್ಚಲಿಲ್ಲ.

ಎಲ್ಲ ಮುಗಿದ ಮೇಲೆ ಅವರೇ ಪರದೆಯ ಹಿಂದೆ ಬಂದರು. "ನನಗೆ ನಿದ್ದೆ ಬಂದಿತ್ತು ಅಂತ ಅಂದ್ಕೊಂಡ್ರಾ?"

"ಛೇ ಛೇ, ಇಲ್ಲ ಸಾರ್."

"ಬಂದಿತ್ತು. ಹದಿನೈದು ದಿನ ಆಗಿತ್ತು, ನೆಟ್ಟಗೆ ನಿದ್ದೆ ಬಂದು. ಮುಂದಿನ ತಿಂಗಳ ಕೊನೇ ಶನಿವಾರ ನಿಮ್ದು, ಪೂರ್ತಿ ಎರಡು ಗಂಟೆ. ಆದ್ರೆ ಮಗಳನ್ನ ಕರ್ಕೊಂಡೇ ಬರ್ಬೇಕು. ಅವಳಿಲ್ದಿದ್ರೆ ಹಾಡು ಮುಗೀತೋ ಇಲ್ವೋ ನಮಗೆ ಗೊತ್ತಾಗಲ್ಲ."

ಮಗಳು ಯಜಮಾನರನ್ನು ಲೆಕ್ಕಕ್ಕೇ ಇಟ್ಟಿರಲಿಲ್ಲ. ಅಮ್ಮನ ಅಂಗಿಯ ತುದಿ ಹಿಡಿದು ಜಗ್ಗುತ್ತಿದ್ದಳು. ಮುಖದ ಮೇಲೆ ಮೋಸಹೋದವರ ಸಿಟ್ಟಿತ್ತು. "ಕೊನೇದೇ ಚೆನ್ನಾಗಿತ್ತು. ನಾನು ಮಲಗಿದ್ಮೇಲೆ ಅದನ್ನ ಯಾರಿಗೆ ಹಾಡ್ತಿದ್ದೆ?"

"ಸಿಂಕಲ್ಲಿರೋ ಪಾತ್ರೆಗಳಿಗೆ ಕಣೇ. ಅದೂ ಬಾಯಿ ಮುಚ್ಕೊಂಡು," ಎಂದು ಅವಳು ನಕ್ಕಳು. ಯಜಮಾನರೂ ನಕ್ಕರು.

ಗಿಟಾರನ್ನು ಚೀಲಕ್ಕೆ ಹಾಕುತ್ತಿದ್ದ ಗಂಡ ಮಾತ್ರ ನಗಲಿಲ್ಲ. ಆ ಚರಣವನ್ನು ಅವನೂ ಕೇಳಿದ್ದು ಇವತ್ತೇ ಮೊದಲು. ತಲೆ ತಗ್ಗಿಸಿ ಜಿಪ್ ಎಳೆದ, ಮತ್ತೊಮ್ಮೆ ಎಳೆದ. ಅದು ಆಗಲೇ ಮುಚ್ಚಿತ್ತು.