ಬಾರ್ಲಿ ನೀರು

ಚೆನ್ನಕೇಶವ ಕುಡಿತ ಬಿಟ್ಟು ಆರು ವರ್ಷವಾಗಿತ್ತು. ಮನೆಯಲ್ಲೇ ಬಿಯರ್ ತಯಾರಿಸುವ ಹುಚ್ಚು ಹಿಡಿದಿದ್ದ ಅವನ ಷಡ್ಡಕ ಲೋಹಿತ, ರುಚಿ ನೋಡಲು ಅವನನ್ನೇ ಕರೆದ.

"ನಂಗೆ ಬೇಡಪ್ಪ."

"ಅಣ್ಣಾ, ಇದನ್ನ ನಿಮಗೆ ಅಂತಲೇ ಬೇರೆ ಮಾಡಿದೀನಿ. ಚೆನ್ನಾಗಿ ಕುದಿಸಿ ಆಲ್ಕೋಹಾಲೆಲ್ಲ ಹಾರಿಸಿಬಿಟ್ಟಿದೀನಿ. ಬರೀ ಬಾರ್ಲಿ ನೀರು."

ಷಡ್ಡಕನ ಮನಸ್ಸು ನೋಯಿಸಬಾರದೆಂದು ಚೆನ್ನಕೇಶವ ಒಂದು ಲೋಟ ಕುಡಿದ. ಇನ್ನೊಂದೂ ಬಂತು. ಅದು ಮುಗಿಯುವಷ್ಟರಲ್ಲಿ ಕಿವಿ ಬಿಸಿಯಾಗಿ, ಮರೆತೇಹೋಗಿದ್ದ ಸುಖ ಮೈತುಂಬ ಹರಿಯಿತು. ಲೋಟವನ್ನು ಕುಕ್ಕಿ ಇಟ್ಟ.

"ಲೋಹಿತ, ಇದರಲ್ಲಿ ಆಲ್ಕೋಹಾಲ್ ಇದೆ ಕಣೋ!"

"ಇದೆ," ಎಂದು ಲೋಹಿತ ನಕ್ಕ. "ಇನ್ನು ನಮ್ಮ ಮಾವ, ಕುಡಿತ ಬಿಟ್ಟ ಅಳಿಯ ಅಂತ ನಿಮ್ಮನ್ನ ತೋರಿಸಿ ನನ್ನ ಹಂಗಿಸೋ ಹಾಗಿಲ್ಲ."

ಚೆನ್ನಕೇಶವ ಎದ್ದು ಕೈ ಚಾಚಿದ. ಹೊಡೆತ ಬೀಳುತ್ತದೆಂದು ಲೋಹಿತ ಹಿಂದೆ ಸರಿದ. ಚೆನ್ನಕೇಶವ ಬಾಟಲಿಯಲ್ಲಿ ಉಳಿದಿದ್ದನ್ನು ತಾನೇ ಲೋಟಕ್ಕೆ ಬಗ್ಗಿಸಿಕೊಂಡ.