ಗೋಡೆಯಾಚೆ ಕೇಳಿದ ಕೀರ್ತನೆ

"ಬಾಗಿಲಲ್ಲೇ ಯಾಕೆ ನಿಂತೆ, ಕುನ್ಲೆ ಅವ್ವಾ? ಒಳಗೆ ಬಾ," ಎಂದು ಒಮೊಲಾರಾ ಮಂಚದಿಂದಲೇ ಕರೆದಾಗ ಇಬಿರೊಂಕೆಗೆ ಓಡಿಹೋಗೋಣ ಎನ್ನಿಸಿತು. ಒಂದು ಕೈಯಲ್ಲಿ ಬೈಬಲ್, ಇನ್ನೊಂದರಲ್ಲಿ ಪ್ರಾರ್ಥಿಸಿದ ನೀರಿನ ಶೀಸೆ. ಇಲೇಶಾ ಊರಿನ, ಬಿಳಿ ನಿಲುವಂಗಿ ತೊಟ್ಟು ಪ್ರಾರ್ಥಿಸುವ ಅವರ ಕ್ರೈಸ್ತ ಸಭೆಯಲ್ಲಿ ಯಾರಾದರೂ ಕಾಯಿಲೆ ಬಿದ್ದರೆ ಹೆಂಗಸರು ಸರದಿಯ ಮೇಲೆ ಹೋಗಿ ಕೂತು ಬೈಬಲಿನ ಕೀರ್ತನೆ ಓದಬೇಕು. ಇಬಿರೊಂಕೆ ತಲೆನೋವು ಎಂದು ಒಮ್ಮೆ, ಮಗ ಕುನ್ಲೆಗೆ ಹುಷಾರಿಲ್ಲ ಎಂದು ಇನ್ನೊಮ್ಮೆ ತಪ್ಪಿಸಿಕೊಂಡಿದ್ದಳು. ಈ ಸಲಕ್ಕೆ ಸುಳ್ಳು ಸಿಗಲಿಲ್ಲ.

ಒಮೊಲಾರಾಳನ್ನು ಮಂಚ ಹಿಡಿಸಿದ್ದು ತಾನೇ ಎಂದು ಅವಳು ಗಟ್ಟಿಯಾಗಿ ನಂಬಿದ್ದಳು. ಇಬ್ಬರೂ ಅಕ್ಕಪಕ್ಕದ ಮನೆಯವರು, ಒಂದೇ ಕೂಡುರಸ್ತೆಯಲ್ಲಿ ಅಲಸಂದೆ ರುಬ್ಬಿ ಅಕಾರಾ ವಡೆ ಕರಿಯುವವರು. ಹಿಟ್ಟು ಒಂದೇ, ತಾಳೆ ಎಣ್ಣೆ ಒಂದೇ, ಆದರೆ ಗಿರಾಕಿಗಳು ಮುತ್ತುತ್ತಿದ್ದದ್ದು ಮಾತ್ರ ಒಮೊಲಾರಾಳ ಬಾಣಲೆಗೆ. ಎಣ್ಣೆ ಕಾಯುವ ಮೊದಲೇ ಇಬಿರೊಂಕೆಯ ಹೊಟ್ಟೆ ಉರಿಯತೊಡಗುತ್ತಿತ್ತು. ಸಭೆಯ ಪ್ರವಾದಿಯ ಮುಂದೆ ಹೋಗಿ ಅತ್ತಾಗ ಆತ ಕಣ್ಣು ಮುಚ್ಚಿ, "ಶತ್ರು ದೂರ ಇಲ್ಲ. ನಿನ್ನ ಒಲೆ ಹೊಗೆ ಅವಳ ಮೂಗಿಗೆ ಬಡಿಯುತ್ತೆ," ಎಂದಿದ್ದ. ಆತ ಹೇಳಿಕೊಟ್ಟಂತೆ, ಮೂವತ್ತೈದನೆಯ ಕೀರ್ತನೆಯನ್ನು ದಿನಾ ಮುಂಜಾನೆ ಬರಿಗಾಲಲ್ಲಿ ನಿಂತು, ಬೋಗುಣಿಯ ನೀರು ಮುಂದಿಟ್ಟುಕೊಂಡು ಓದಬೇಕು. ಶತ್ರು ಎಂದು ಬಂದಲ್ಲೆಲ್ಲ ಅವಳ ಹೆಸರನ್ನೂ ಅವಳ ಹೆತ್ತ ತಾಯಿಯ ಹೆಸರನ್ನೂ ಸೇರಿಸಬೇಕು. ಒಡ್ಡಿದ ಬಲೆಗೆ ಒಡ್ಡಿದವರೇ ಬೀಳಲಿ ಎನ್ನುವ ಎಂಟನೆಯ ವಚನಕ್ಕೆ ನಿಲ್ಲಿಸಬೇಕು. ತಾಯಿಯ ಹೆಸರಿಗಾಗಿ ಇಬಿರೊಂಕೆ ಪರದಾಡಬೇಕಾಗಲಿಲ್ಲ. ಒಮೊಲಾರಾ ಮಾತಿಗೊಮ್ಮೆ 'ನಮ್ಮವ್ವ ಅಬೆನಿ' ಎನ್ನುತ್ತಿದ್ದಳು.

ಒಮೊಲಾರಾ ಕಾಲು ಊದಿಕೊಂಡು ಮಲಗಿದ ಮೇಲೆ ಇಬಿರೊಂಕೆಯ ಅಕಾರಾ ಹೊತ್ತೇರುವ ಮುಂಚೆ ಖಾಲಿಯಾಗತೊಡಗಿತು. ಕೀರ್ತನೆ ಫಲಿಸಿತು ಎಂದು ಅವಳು ಒಳಗೊಳಗೇ ಹಿಗ್ಗಿದಳು. ಆಮೇಲೆ ಗೋಡೆಯಾಚೆಯಿಂದ ನರಳುವ ದನಿ ಕೇಳಿಸಿತು, ಹಿಗ್ಗೆಲ್ಲ ಇಳಿದುಹೋಯಿತು. ಇವಳು ಸತ್ತೇಹೋದರೆ? ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವ ಕೀರ್ತನೆ ಯಾವುದಾದರೂ ಇದೆಯೇ ಎಂದು ಪ್ರವಾದಿಯನ್ನು ಕೇಳುವುದಕ್ಕೂ ಅವಳಿಗೆ ಮುಖವಿರಲಿಲ್ಲ.

"ಆರನೇದು ಓದ್ಲಾ ಅಕ್ಕಾ? ಕಾಯಿಲೆಯವರಿಗೆ ಅದೇ ಓದೋದು."

"ಅದು ಆಮೇಲೆ. ಮೊದಲು ಮೂವತ್ತೈದು."

ಇಬಿರೊಂಕೆ ಶೀಸೆಯನ್ನು ನೆಲದ ಮೇಲಿಟ್ಟಳು. "ಅದು... ಅದನ್ನ ಕಾಯಿಲೆಗೆ ಓದಲ್ಲಕ್ಕಾ."

"ಯಾತಕ್ಕೆ ಓದ್ತಾರೆ ಅಂತ ನಂಗೂ ಗೊತ್ತು. ಕನ್ನಡಕ ಒಡೆದ ಮೇಲೆ ನಂಗೆ ಅಕ್ಷರ ಕಾಣಲ್ಲ. ಬೆಳಗಾದರೆ ನಿನ್ನ ದನೀನೇ ನನಗೆ ಬೈಬಲ್ಲು. ಆದರೆ ನೀನು ಬೈಗುಳಕ್ಕೆಲ್ಲ ಗಂಟಲು ಹರ್ಕೊಂಡು, ಒಳ್ಳೆ ಮಾತು ಬರೋ ಹೊತ್ತಿಗೆ ಮುಚ್ಚಿ ಇಟ್ಟುಬಿಡ್ತೀಯ. ಇವತ್ತಾದ್ರೂ ಮುಂದಕ್ಕೆ ಓದ್ತಾಳೇನೋ ಅಂತ ಗೋಡೆಗೆ ಕಿವಿ ಹಚ್ಚಿ ಕಾದಿದ್ದೇ ಬಂತು. ಓದು, ಒಂಬತ್ತರಿಂದ."

ಇಬಿರೊಂಕೆ ಮಣೆಯ ಮೇಲೆ ಕೂತಳು. ನೆಲ ಬಾಯಿಬಿಟ್ಟು ತನ್ನನ್ನು ನುಂಗಬಾರದೇ ಎನ್ನಿಸಿತು. ತಲೆಯೆತ್ತಲಾರದೆ, ಯಾವತ್ತೂ ಕಣ್ಣಾಡಿಸದ ಆ ಸಾಲುಗಳನ್ನು ಓದುತ್ತ ಹೋದಳು. ಹದಿಮೂರನೆಯ ವಚನಕ್ಕೆ ಬಂದಾಗ ಅವಳ ಬೆರಳು ಆ ಸಾಲಿನ ಮೇಲೇ ನಿಂತಿತು. ತನಗೆ ಕೇಡು ಬಗೆದವರು ಕಾಯಿಲೆ ಬಿದ್ದಾಗ, ಈ ಕೀರ್ತನೆ ಕಟ್ಟಿದ ದಾವೀದ ಗೋಣಿತಟ್ಟು ಉಟ್ಟು ಉಪವಾಸ ಇದ್ದನಂತೆ. ಹೆತ್ತ ತಾಯಿಯನ್ನು ಕಳೆದುಕೊಂಡವನ ಹಾಗೆ ತಲೆ ತಗ್ಗಿಸಿ ಓಡಾಡಿದನಂತೆ. ಕುನ್ಲೆಗೆ ದಡಾರ ಎದ್ದಾಗ ಒಮೊಲಾರಾ ತನ್ನ ಬಾಣಲೆ ಬೋರಲು ಹಾಕಿ, ಊಟ ಬಿಟ್ಟು, ಇದೇ ಮಣೆಯನ್ನು ಅವನ ಚಾಪೆಯ ಪಕ್ಕಕ್ಕೆ ತಂದು ಕೂತಿದ್ದಳು. ನಾಲ್ಕು ಜನ ನೋಡಲಿ ಅಂತ ಮಾಡುತ್ತಿದ್ದಾಳೆ ಎಂದು ಇಬಿರೊಂಕೆ ಆಗ ಮೂಗು ಮುರಿದಿದ್ದಳು.

"ಇದೇ ನೋಡು, ನಾನು ಕಾಯ್ತಿದ್ದ ಜಾಗ," ಎಂದಳು ಒಮೊಲಾರಾ. "ಆ ಪುಣ್ಯಾತ್ಮನಿಗೂ ಹೊಟ್ಟೆ ಉರೀತಿತ್ತು. ಬೈದ, ಅತ್ತ, ಹಲ್ಲು ಕಡಿದ. ಆದರೂ ಅವರಿಗೋಸ್ಕರ ಉಪವಾಸ ಇದ್ದಿದ್ದೂ ಅವನೇ. ಎರಡೂ ಒಂದೇ ಬಾಯಲ್ಲಿ ಬಂತಲ್ಲ. ಅಂದಮೇಲೆ ನಮ್ಮಂಥೋರಿಗೂ ಏನೋ ಒಂದು ದಾರಿ ಇದೆ ಅನ್ನಿಸಿ ಜೀವಕ್ಕೆ ಹಾಯಾಗುತ್ತೆ."

"ಅಕ್ಕಾ, ನಾನು ದಿನಾ... ನಿನ್ನ ಹೆಸರು..."

"ಕೇಳಿಸ್ತಿತ್ತು. ಮಧ್ಯ ಇರೋದು ಹಲಗೆ ಗೋಡೆ. ಅಳಬೇಡ, ಪುಟ ಒದ್ದೆಯಾಗುತ್ತೆ. ಈಗ ನಿನ್ನ ಆರನೇದು ಓದು."

ಇಬಿರೊಂಕೆ ಕಣ್ಣೊರೆಸಿಕೊಂಡು ಪುಟ ತಿರುವಿದಳು. ಕಾಯಿಲೆಯವರ ಕೀರ್ತನೆಗೂ ಹೆಸರು ಸೇರಿಸಬೇಕು. ಇಷ್ಟು ದಿನ ಉಗುಳಿದ ಹೆಸರನ್ನೇ ಈಗ ಮೆಲ್ಲಗೆ, ಹೆದರುತ್ತ ಹೇಳಿದಳು. "ಅಬೆನಿಯ ಮಗಳು ಒಮೊಲಾರಾಳನ್ನು..."

ಒಮೊಲಾರಾ ಕೈಯೆತ್ತಿ ತಡೆದಳು. "ಅಬೆನಿ ನನ್ನ ಸಾಕಿದ ಚಿಕ್ಕವ್ವ. ಹೆತ್ತವಳು ಅಸಾಬಿ."

ಹಾಗಾದರೆ ತನ್ನ ಓದು ಇವಳಿಗೆ ತಾಕಿಯೇ ಇಲ್ಲ. ಇಬಿರೊಂಕೆಯ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. ಮರುಕ್ಷಣವೇ, ಇವಳು ಇನ್ನೂ ನರಳುತ್ತ ಮಲಗಿರುವಾಗ ತಾನು ತಪ್ಪಿಸಿಕೊಂಡೆನಲ್ಲ ಎಂದು ಹಗುರಾದದ್ದಕ್ಕೆ ಅವಳಿಗೆ ಮೊದಲಿಗಿಂತ ಹೆಚ್ಚು ನಾಚಿಕೆಯಾಯಿತು.

"ಬೈಯೋವಾಗ ತಪ್ಪು ಹೇಳ್ತಿದ್ದೆ, ನಾನೂ ಸುಮ್ಮನಿದ್ದೆ," ಎಂದಳು ಒಮೊಲಾರಾ, ಊದಿದ ಕಾಲನ್ನು ಎರಡೂ ಕೈಯಿಂದ ಎತ್ತಿ ಪಕ್ಕಕ್ಕೆ ಇಟ್ಟುಕೊಳ್ಳುತ್ತ. "ಈಗ ಸರಿಯಾಗಿ ಹೇಳು ತಂಗಿ. ನಾನು ಎದ್ದು ಬಾಣಲೆ ಇಡಬೇಕು."