ನೆರಳು ನೋಡುವ ದಿನ

ಈಗ ಯಾರ ನೆರಳೂ ಬಿಸಿಲಿನ ಮಾತು ಕೇಳುವುದಿಲ್ಲ. ಮನಸ್ಸು ಯಾರ ಕಡೆಗಿದೆಯೋ ಅವರ ಕಡೆಗೇ ಬೀಳುತ್ತದೆ. ಹಾಗಾಗಿ ಟಿಕೆಟ್ ಹಂಚುವ ಮುನ್ನ ಪಕ್ಷದ ಕಚೇರಿಯ ಅಂಗಳದಲ್ಲಿ ಎಲ್ಲರ ನೆರಳು ನೋಡುವುದು ರೂಢಿ. ಅಧ್ಯಕ್ಷ ರುದ್ರಗೌಡರು ಕುರ್ಚಿಯಲ್ಲಿ ಕೂತಿದ್ದರು. ಬೇರೆ ಬಣ ಕಟ್ಟಿಕೊಂಡಿದ್ದ ಅವರ ತಮ್ಮ ಪರ್ವತಗೌಡ ಹಿಂದೆ, ಕಂಬಕ್ಕೆ ಒರಗಿ ನಿಂತಿದ್ದ.

"ಏನಪಾ ವಿರೂಪಾಕ್ಷಿ, ನಿನ್ನ ನೆರಳು ಎರಡೂ ಕಡೆ ಹರಿದೈತಲ್ಲ! ಟಿಕೆಟ್ಟೂ ಹರಿದು ಅರ್ಧ ಕೊಡ್ಲೇನು?" ಎಂದರು ಗೌಡರು. ಎಲ್ಲರೂ ನಕ್ಕರು.

ಮುಂದಿನ ಸರದಿ ಕಸ್ತೂರವ್ವನದು. ಪಕ್ಷ ಹುಟ್ಟಿದಾಗಿನಿಂದ ಬಾವುಟ ಹೊತ್ತವಳು. ಈ ಸಲ ಟಿಕೆಟ್ ಅವಳಿಗೇ ಎಂದು ಊರೆಲ್ಲ ಮಾತಾಗಿತ್ತು. ಅವಳು ಕುರ್ಚಿಯ ಹತ್ತಿರ ಬರುವಾಗ ಪರ್ವತಗೌಡನಿಗೆ ಕೆಮ್ಮು ಒತ್ತರಿಸಿ ಬಂತು. ಆಗ ಗೌಡರ ನೆರಳು ಕುರ್ಚಿಯ ಹಿಂದಿನಿಂದ ಮೆಲ್ಲಗೆ ತೆವಳಿ ತಮ್ಮನ ಕಡೆಗೆ ಚಾಚಿಕೊಂಡಿತು. ಅಧ್ಯಕ್ಷರ ನೆರಳನ್ನು ಯಾರೂ ನೋಡುವ ಪದ್ಧತಿಯಿರಲಿಲ್ಲ. ಅವಳು ಮಾತ್ರ ನೋಡಿದಳು. ಇನ್ನೊಬ್ಬರು ಕಂಡರೆ ಮುದುಕನ ಮಾನ ಅಂಗಳದಲ್ಲೇ ಹೋಗುತ್ತಿತ್ತು.

ಕಸ್ತೂರವ್ವ ಹೋಗಿ ಆ ನೆರಳಿನ ಬುಡದಲ್ಲಿ ನಿಂತಳು. ಗೌಡರ ಕಡೆಗೆ ಬಿದ್ದ ಅವಳ ನೆರಳು ಕುರ್ಚಿಯಡಿ ಅಡಗಿತು; ಪರ್ವತಗೌಡನತ್ತ ಚಾಚಿದ್ದು ಅವಳದೇ ನೆರಳೆಂಬಂತೆ ಕಂಡಿತು.

ಗೌಡರು ತಿರುಗಿ ನೋಡಿದರು. "ನೀನೂ ಅವನ ಕಡೆ ಹೋದ್ಯೇನ್ ತಂಗಿ?"

ಅವರು ಮುಂದಿನವರ ಹೆಸರು ಕೂಗಿದರೂ ಅವಳು ಅಲ್ಲಿಂದ ಕದಲಲಿಲ್ಲ.